ಹಂದಿಮರಿಗಳ ಹೊಟ್ಟೆಗೆ ಮಾರುವ ಪುಡಿಯಲ್ಲಿ ಏನಿದೆ?

ಮಾನ್ಯ ಪಶುಸಂಗೋಪನಾ ಸಚಿವರಿಗೆ,

ಸೋಮವಾರಪೇಟೆ ಕಡೆಯ ಸಣ್ಣ ಹಂದಿ ಸಾಕಣೆಗಾರನೊಬ್ಬನ ಮನವಿ ಇದು. ಹಂದಿಮರಿಗಳ ಕರುಳು ಗಟ್ಟಿಯಾಗಲೆಂದು ನಾವು ಮೇವಿಗೆ ಬೆರೆಸುವ ಪುಡಿಗಳಲ್ಲಿ ಏನಿದೆ ಎಂಬುದೇ ನಮಗೆ ತಿಳಿಯುತ್ತಿಲ್ಲ.

ಹಾಲು ಬಿಡಿಸಿದ ಮೊದಲ ಒಂದೆರಡು ವಾರ ಮರಿಗಳಿಗೆ ಗಂಡಾಂತರದ ಕಾಲ. ಹಾಲಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಮೆಕ್ಕೆಜೋಳ, ಸೋಯಾ ಹಿಂಡಿ ಬೀಳುತ್ತದೆ. ಅದನ್ನು ಅರಗಿಸುವಷ್ಟು ಆಮ್ಲ ಎಳೆಯ ಜಠರದಲ್ಲಿ ಹುಟ್ಟುವುದಿಲ್ಲ, ತಾಯಿಹಾಲಿನಿಂದ ಸಿಗುತ್ತಿದ್ದ ರಕ್ಷಣೆಯೂ ನಿಂತಿರುತ್ತದೆ. ಆಗ ಕರುಳಿನಲ್ಲಿ ಇ. ಕೋಲಿ ಹೆಚ್ಚಿ ನೀರುಭೇದಿ ಹಿಡಿದರೆ, ಸಂಜೆ ಓಡಾಡಿಕೊಂಡಿದ್ದ ಮರಿ ಬೆಳಿಗ್ಗೆ ಎದ್ದೇಳುವುದಿಲ್ಲ.

ಇದಕ್ಕೆ ಒಳ್ಳೆಯ ದಾರಿಗಳಿವೆ. ಫಾರ್ಮಿಕ್, ಸಿಟ್ರಿಕ್ ಆಮ್ಲಗಳು ಜಠರದ ಹುಳಿ ಹೆಚ್ಚಿಸುತ್ತವೆ. ಲ್ಯಾಕ್ಟೊಬ್ಯಾಸಿಲಸ್, ಬ್ಯಾಸಿಲಸ್, ಯೀಸ್ಟ್‌ಗಳು ಕರುಳಿನಲ್ಲಿ ಕೆಟ್ಟ ಜೀವಾಣುಗಳಿಗೆ ಜಾಗ ಬಿಡುವುದಿಲ್ಲ. ಆದರೆ ಅವು ಜೀವಂತವಾಗಿದ್ದರೆ ಮಾತ್ರ. ಬ್ಯಾಸಿಲಸ್‌ನ ಬೀಜಾಣುಗಳು ಬಿಸಿ ತಾಳುತ್ತವೆ. ಲ್ಯಾಕ್ಟೊಬ್ಯಾಸಿಲಸ್ ಸೆಖೆಯ ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಸತ್ತುಹೋಗುತ್ತದೆ. ಪೊಟ್ಟಣದಲ್ಲಿ ಯಾವುದಿದೆ, ಒಂದು ಗ್ರಾಮಿಗೆ ಎಷ್ಟಿದೆ, ಎಲ್ಲಿಯವರೆಗೆ ಬಾಳುತ್ತದೆ ಎಂದು ಗೊತ್ತಿಲ್ಲದೆ ಹಣ ಕೊಡುವುದು ಹೇಗೆ?

ಹೋದ ಮಳೆಗಾಲ ಪೇಟೆಯ ಅಂಗಡಿಯೊಂದರಿಂದ ತಂದ ಪೊಟ್ಟಣದ ಮೇಲೆ ಹಂದಿಯ ಚಿತ್ರವಿತ್ತು, ಕರುಳಿಗೆ ಬಲ ಎಂಬ ಮಾತಿತ್ತು, ಒಳಗಿನ ಪದಾರ್ಥದ ಹೆಸರಿರಲಿಲ್ಲ. 'ಒಂದು ಹಿಡಿ ಹಾಕಿ ಅಣ್ಣ, ನಿಲ್ಲುತ್ತೆ' ಎಂದರು ಅಂಗಡಿಯವರು. ಭೇದಿ ಎರಡೇ ದಿನಕ್ಕೆ ನಿಂತಿತು. ನನ್ನ ಭಯ ಶುರುವಾದದ್ದೇ ಅಲ್ಲಿ. ಅಷ್ಟು ಬೇಗ ನಿಲ್ಲಿಸಿದ್ದು ಆಮ್ಲವೋ, ಆ್ಯಂಟಿಬಯೋಟಿಕ್ಕೋ? ಬೇರಾವ ಔಷಧಿಯೂ ನಾಟದ ಸೋಂಕಿಗೆ ಮನುಷ್ಯರಿಗೆ ಕೊಡುವ ಕಾಲಿಸ್ಟಿನ್ ಅನ್ನು ಪಶು ಆಹಾರ ಪೂರಕಗಳಲ್ಲಿ ಬಳಸಬಾರದೆಂದು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ. ಹೆಸರಿಲ್ಲದ ಪುಡಿಯಲ್ಲಿ ಅದು ಇಲ್ಲವೆಂದು ನನಗೆ ಯಾರು ಹೇಳಬೇಕು?

ಸತುವಿನ ಆಕ್ಸೈಡ್ ವಿಷಯವೂ ಇದೆ. ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಭೇದಿ ತಡೆಯುತ್ತದೆ, ಆದರೆ ಬಹುಪಾಲು ಸಗಣಿಯಲ್ಲೇ ಹೊರಬಿದ್ದು ಮಣ್ಣಿನಲ್ಲಿ ಉಳಿಯುತ್ತದೆ. ಈ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2022ರ ಜೂನ್‌ನಿಂದ ಔಷಧಿಯಾಗಿ ಅದರ ಬಳಕೆ ನಿಲ್ಲಿಸಿತು. ನಮ್ಮ ಹಂದಿಗೂಡಿನ ಗೊಬ್ಬರ ಹೋಗುವುದು ಕಾಫಿ ತೋಟಕ್ಕೆ, ಶುಂಠಿ ಗದ್ದೆಗೆ.

ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ನೂರು ಹೆಣ್ಣು, ಹತ್ತು ಗಂಡು ಹಂದಿಗಳ ಘಟಕಕ್ಕೆ ಶೇ 50ರಷ್ಟು, ಗರಿಷ್ಠ 30 ಲಕ್ಷ ರೂಪಾಯಿ ಸಹಾಯಧನವಿದೆ. ಗೂಡು ಕಟ್ಟಲು ಅಷ್ಟು ಹಣ ಕೊಡುವಾಗ ಗೂಡಿನೊಳಗಿನ ಮರಿ ಏನು ತಿನ್ನುತ್ತದೆಂದು ನೋಡುವುದೂ ಸರ್ಕಾರದ ಹೊಣೆಯೇ.

ಪ್ರತಿ ಪೊಟ್ಟಣದ ಮೇಲೆ ಪದಾರ್ಥ, ಪ್ರಮಾಣ, ಅವಧಿ ಕನ್ನಡದಲ್ಲಿ ಇರುವಂತೆ ಮಾಡಿ. ಅಂಗಡಿಗಳಿಂದ ಮಾದರಿ ತೆಗೆಸಿ ಪರೀಕ್ಷಿಸಿ. ಪ್ರಾಣಿಗಳ ಪೋಷಣೆಯ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲೇ ಇದೆ, ಅದರ ತಜ್ಞರ ನೆರವು ಪಡೆಯಿರಿ. ಫಲಿತಾಂಶವನ್ನು ಪ್ರತಿ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಿ. ಮುಂದಿನ ಮಳೆಗಾಲಕ್ಕೆ ಮೊದಲೇ ಇದಾಗಲಿ ಎಂದು ಕೋರುತ್ತೇನೆ.

ಇಂತಿ,
ಒಬ್ಬ ಹಂದಿ ಸಾಕಣೆಗಾರ, ಕೊಡಗು ಜಿಲ್ಲೆ