ಮೈಕಿನ ಹಿಂದೆಯೂ ನಮ್ಮ ಮಕ್ಕಳಿರಲಿ

ಡೊಂಬಿವಲಿ ಪರಿಸರದ ನಮ್ಮ ಸಂಘ-ಸಂಸ್ಥೆಗಳು ವರ್ಷವಿಡೀ ಭಜನೆ, ಯಕ್ಷಗಾನ, ನಾಟಕಗಳನ್ನು ನಡೆಸುತ್ತಿರುವುದು ಶ್ಲಾಘನೀಯ. ಕಲಾವಿದರಿಗೆ ಶಾಲು, ಹಾರದ ಗೌರವವೂ ಸಲ್ಲುತ್ತದೆ. ಆದರೆ ಚೆಂಡೆಯ ಅಬ್ಬರದಲ್ಲಿ ಭಾಗವತರ ಪದ ಕೇಳದೇ ಹೋದಾಗ ಮಾತ್ರ ನಮಗೆ ಮೈಕಿನವರ ನೆನಪಾಗುತ್ತದೆ.

ಧ್ವನಿಮುದ್ರಣವೂ ಕಲಿತು ಮಾಡುವ ಉದ್ಯೋಗ. ಸಿನಿಮಾ, ಧಾರಾವಾಹಿ, ಡಬ್ಬಿಂಗ್ ಸ್ಟುಡಿಯೋಗಳಿರುವ ಅಂಧೇರಿ, ಗೋರೆಗಾಂವ್ ನಮಗೆ ಲೋಕಲ್ ರೈಲಿನ ದೂರ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪದವೀಧರರಿಗೆ ಧ್ವನಿ ವಿಭಾಗವಿದೆ. ಅಲ್ಲಿ ಕಲಿತ ರಸೂಲ್ ಪೂಕುಟ್ಟಿ 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದ ಧ್ವನಿ ಮಿಶ್ರಣಕ್ಕಾಗಿ ಆಸ್ಕರ್ ಹಂಚಿಕೊಂಡರು. ಬೆಂಗಳೂರು ಸಮೀಪದ ಹೆಸರಘಟ್ಟದ ಸರಕಾರಿ ಸಂಸ್ಥೆಯಲ್ಲೂ ಧ್ವನಿಗ್ರಹಣದ ಡಿಪ್ಲೊಮಾ ಇದೆ.

ಖಾಸಗಿ ತರಗತಿಗಳಿಗೆ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮುನ್ನ ಪಾಲಕರು ಎರಡು ಪ್ರಶ್ನೆ ಕೇಳಲಿ: ಮಗುವಿನ ಕೈಗೆ ಯಂತ್ರ ಎಷ್ಟು ತಾಸು ಸಿಗುತ್ತದೆ? ಹಿಂದೆ ಕಲಿತವರು ಎಲ್ಲಿ ಕೆಲಸಕ್ಕಿದ್ದಾರೆ? ಈ ಕ್ಷೇತ್ರದಲ್ಲಿ ತಿಂಗಳ ಸಂಬಳ ಎಲ್ಲರಿಗೂ ಸಿಗುವುದಿಲ್ಲ. ಕೆಲಸ ಸಿಕ್ಕಿದಾಗ ಹಣ. ಶಿಕ್ಷಣ ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ.

ಆದ್ದರಿಂದ ಸಂಘಗಳು ಮುಂದೆ ಬರಬೇಕು. ಅಂಕ ನೋಡಿ ಕೊಡುವ ವಿದ್ಯಾರ್ಥಿ ವೇತನಗಳಲ್ಲಿ ಒಂದನ್ನಾದರೂ ಇಂಥ ಶಿಕ್ಷಣಕ್ಕೆ ಮೀಸಲಿಡಲಿ. ನಮ್ಮ ಕಾರ್ಯಕ್ರಮಗಳಲ್ಲಿ ಆಸಕ್ತ ಹುಡುಗ-ಹುಡುಗಿಯರನ್ನು ಮಿಕ್ಸರ್ ಪಕ್ಕದಲ್ಲಿ ಕೂರಿಸಿ, ಧ್ವನಿವರ್ಧಕದವರಿಂದ ಕಲಿಯಲು ಬಿಡಲಿ. ಇದಕ್ಕೆ ಖರ್ಚಿಲ್ಲ. ಯಾರಿಗೆ ನಿಜವಾಗಿ ಕಿವಿಯಿದೆ, ಯಾರಿಗೆ ಬರೀ ಆಸೆಯಿದೆ ಎಂಬುದು ಸಾಲ ಮಾಡುವ ಮೊದಲೇ ತಿಳಿದೀತು. ಪದಾಧಿಕಾರಿಗಳು ಮುಂದಿನ ಸಭೆಯಲ್ಲೇ ಈ ಬಗ್ಗೆ ಚಿಂತಿಸಲಿ.