ರಾಯಣ್ಣನಿಗೆ ಪ್ರತಿಮೆ ಸಿಕ್ತು, ಜಮೀನು ಯಾರಿಗೆ ಸಿಕ್ತು?



ಇವತ್ತು ಜನವರಿ 26. ತುಮಕೂರಲ್ಲಿ ಆಫೀಸಿನ ಧ್ವಜಾರೋಹಣ ಮುಗಿಸಿ, ಬಾಬಾಸಾಹೇಬರ ಫೋಟೋಗೆ ಹೂ ಹಾಕಿ, ಸಂಗೊಳ್ಳಿ ರಾಯಣ್ಣನ ಬಗ್ಗೆ ನಮ್ಮ ಗ್ರೂಪಲ್ಲಿ ಎರಡು ಸಾಲು ಬರೆದೆ. 1831ರಲ್ಲಿ ಇದೇ ದಿನ ಕಂಪನಿ ಸರ್ಕಾರ ಅವನನ್ನ ನಂದಗಡದಲ್ಲಿ ಗಲ್ಲಿಗೇರಿಸಿತು. ಗುಬ್ಬಿಯ ಗೆಳೆಯನೊಬ್ಬ ತಕ್ಷಣ ಕೇಳಿದ: "ಅಣ್ಣ, ಅವ್ರ ಜಾತಿಯವನು, ಅವ್ರು ಮೆರವಣಿಗೆ ಮಾಡ್ಕೋತಾರೆ. ನಮಗ್ಯಾಕೆ?"

ತಮ್ಮಾ, ಹೇಳ್ತೀನಿ ಕೇಳು.

ರಾಯಣ್ಣ ಅರಮನೆಯಲ್ಲಿ ಹುಟ್ಟಿದವನಲ್ಲ. ಊರ ಕಾವಲಿನ ಚಾಕರಿಯವನು. ಆ ಕಡೆ ವಾಲೀಕಾರ ಅಂತಾರೆ. ನಮ್ಮ ಕಡೆ ತೋಟಿ, ತಳವಾರ ಇದ್ದಂಗೆ. ಚಾಕರಿಗೆ ಪ್ರತಿಯಾಗಿ ಒಂದಿಷ್ಟು ಜಮೀನು. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿಯವರು ಆ ಜಮೀನಲ್ಲಿ ಒಂದು ಭಾಗ ಕಿತ್ಕೊಂಡು, ಉಳಿದದ್ದಕ್ಕೆ ಕಂದಾಯ ಏರಿಸಿದ್ರು. 1830ರ ಜನವರಿಯಲ್ಲಿ ಅವನ ದಂಡು ಬೀಡಿಯ ಸರ್ಕಾರಿ ಕಚೇರಿಗೇ ಬೆಂಕಿ ಇಟ್ಟಿತು. ಕೊನೆಗೆ ಮೋಸದಿಂದ ಹಿಡಿದುಕೊಟ್ಟವರೂ ನಮ್ಮ ನೆಲದವರೇ.

ಅವನು ಕಾದಿದ್ದು ಕಿತ್ತೂರಿನ ಗದ್ದುಗೆಗಾಗಿ, ಸಮಾನತೆಗಾಗಿ ಅಲ್ಲ. ಅದನ್ನ ನಾನು ಮುಚ್ಚಿಡಲ್ಲ. ಸಮಾನತೆಯ ಮಾತು ಬಂದಿದ್ದು ಬಾಬಾಸಾಹೇಬರಿಂದ. ಚೂರು ಜಮೀನು ಕೊಟ್ಟು ತಲೆಮಾರುಗಟ್ಟಲೆ ಚಾಕರಿ ಮಾಡಿಸೋ ಮಹಾರ್ ವತನ್ ಪದ್ಧತಿ ವಿರುದ್ಧ ಅವರು 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದ್ರು. ರಾಯಣ್ಣನ ಸಿಟ್ಟು, ಬಾಬಾಸಾಹೇಬರ ಮಸೂದೆ, ಎರಡರ ಬೇರೂ ಅದೇ ಚಾಕರಿ ಜಮೀನು.

ಕುಣಿಗಲ್ ಕಡೆಯ ನಮ್ಮೂರಲ್ಲಿ ನಮ್ ತಾತ ತೋಟಿ. ಸರ್ಕಾರ ಮಂಜೂರು ಮಾಡಿದ್ದ ಎರಡೆಕರೆ ಮದುವೆ ಸಾಲಕ್ಕೆ ಬೇರೆಯವರ ಪಾಲಾಯ್ತು. ಅನುಮತಿ ಇಲ್ಲದೆ ಮಾರಿದ ಅಂಥ ಜಮೀನು ವಾಪಸ್ ಕೊಡಿಸೋದಕ್ಕೇ 1978ರ ಪಿಟಿಸಿಎಲ್ ಕಾಯ್ದೆ ಇರೋದು. ಅಪ್ಪ ಅರ್ಜಿ ಹಾಕಿದ್ರು. "ತಡವಾಗಿ ಬಂದ್ರಿ" ಅಂತ ವಜಾ. ದಲಿತ ಸಂಘಟನೆಗಳು ಧರಣಿ ಕೂತ ಮೇಲೆ 2023ರಲ್ಲಿ ತಿದ್ದುಪಡಿ ಬಂತು, ತಡ ಅನ್ನೋ ನೆಪ ಹೇಳಬಾರದು ಅಂತ. ಮತ್ತೆ ಅರ್ಜಿ ಹಾಕಿದೀನಿ. ಕಡತ ಮೇಜಿಂದ ಮೇಜಿಗೆ ಅಲೀತಿದೆ. ಅಪ್ಪ ಈಗಿಲ್ಲ.

ನಾನೂ ಗುಮಾಸ್ತನೇ. ಕಡತ ತಾನಾಗಿ ನಿಲ್ಲಲ್ಲ, ಯಾರೋ ನಿಲ್ಲಿಸ್ತಾರೆ ಅನ್ನೋದು ನನಗೆ ಚೆನ್ನಾಗಿ ಗೊತ್ತು.

ನಾಯಕರು ರಾಯಣ್ಣನನ್ನ ಸರ್ಕಲ್‌ನಲ್ಲಿ ಕುದುರೆ ಮೇಲೆ ಕೂರಿಸಿದ್ರು. ಕತ್ತಿ ಯಾಕೆ ಹಿಡಿದ ಅಂತ ಮಾತ್ರ ಭಾಷಣದಲ್ಲಿ ಹೇಳಲ್ಲ. ಹೇಳಿದ್ರೆ ಜನ ಪಹಣಿ ಕೇಳ್ತಾರಲ್ಲ! ಒಬ್ಬೊಬ್ಬ ಜಾತಿಗೆ ಒಂದೊಂದು ಪ್ರತಿಮೆ ಹಂಚಿಬಿಟ್ರೆ ಅವರಿಗೆ ಸಲೀಸು. ಆದ್ರೆ ಕುರುಬರ ಬಡ ರೈತನೂ ಕಾಗದ ಹಿಡ್ಕೊಂಡು ಕಚೇರಿಯ ಅದೇ ಬೆಂಚಲ್ಲಿ ನನ್ನ ಪಕ್ಕಾನೇ ಕೂತಿರ್ತಾನೆ.

ಅದಕ್ಕೇ ತಮ್ಮಾ, ರಾಯಣ್ಣ ನಮಗೂ ಬೇಕು.

ಗುಬ್ಬಿ, ಕುಣಿಗಲ್ ಕಡೆ ಮಂಜೂರಾದ ಜಮೀನು ಕಳ್ಕೊಂಡವರು ಸಾಗುವಳಿ ಚೀಟಿ, ಪಹಣಿ, ವಂಶವೃಕ್ಷ ಹುಡುಕಿಟ್ಕೊಳ್ಳಿ. ಮುಂದಿನ ಸಭೆಗೆ ಹಾರ ತರಬೇಡಿ, ಆ ಕಾಗದ ತನ್ನಿ. ಅರ್ಜಿ ಬರೆಯೋ ಕೆಲಸ ನಂದು.

ಜೈ ಭೀಮ್. ಜೈ ರಾಯಣ್ಣ.