ಉಪ್ಪಿಟ್ಟಿಗೆ ಚಪ್ಪಾಳೆ, ಶೆಜ್ವಾನ್ ದೋಸೆಗೆ ಬೈಗುಳ

ಸಹೋದರ ಪತ್ರಿಕೆಯೊಂದು ಆಹಾರ ವಿಶೇಷಾಂಕ ತಂದಿದೆ. ಮುಖಪುಟದ ಲೇಖನ ಫ್ಲಾಯ್ಡ್ ಕಾರ್ಡೋಜ್ ಅವರ ಮೇಲೆ. ಅಮೆರಿಕದ ಟಿವಿ ಸ್ಪರ್ಧೆಯಲ್ಲಿ ಅವರು ಉಪ್ಪಿಟ್ಟು ಬಡಿಸಿ ಗೆದ್ದ ಕತೆಯನ್ನು ಲೇಖಕರು ಕಣ್ಣಲ್ಲಿ ನೀರು ತಂದುಕೊಂಡು ಬರೆದಿದ್ದಾರೆ. ಹತ್ತಾರು ಪುಟ ತಿರುಗಿಸಿದರೆ ಇನ್ನೊಂದು ಲೇಖನ. ಡೊಂಬಿವಲಿಯ ಫಡಕೆ ರಸ್ತೆಯಿಂದ ವಾಶಿಯ ಸೆಕ್ಟರುಗಳವರೆಗೆ ಶೆಜ್ವಾನ್ ದೋಸೆ, ಪಾವ್‌ಭಾಜಿ ದೋಸೆ ಎಂದು ಹಾಳುಮೂಳು ಮಾರಿ ಶೆಟ್ಟರೂ ಭಟ್ಟರೂ ಉಡುಪಿಯ ಹೆಸರು ಕೆಡಿಸಿದರೆಂಬ ಗೋಳು ಅದು. ಈ ಎರಡನ್ನೂ ಒಬ್ಬರೇ ಸಂಪಾದಕರು ಓದಿ ಅಚ್ಚಿಗೆ ಕಳಿಸಿದರೇ ಎಂಬುದು ಈ ಪತ್ರಿಕೆಯ ಸರಳ ಪ್ರಶ್ನೆ.

ಕಾರ್ಡೋಜ್ ದೊಡ್ಡ ಬಾಣಸಿಗ. ಅದರಲ್ಲಿ ತಕರಾರಿಲ್ಲ. 1960ರಲ್ಲಿ ಮುಂಬಯಿಯ ಗೋವನ್ ಕ್ರೈಸ್ತ ಮನೆಯಲ್ಲಿ ಹುಟ್ಟಿದರು. ಜೀವರಸಾಯನ ಓದುತ್ತಿದ್ದವರು ಅದನ್ನು ಬಿಟ್ಟು ಅಡುಗೆಮನೆ ಹೊಕ್ಕರು. ಸ್ವಿಟ್ಜರ್ಲೆಂಡಿನಲ್ಲಿ ಕಲಿತು ನ್ಯೂಯಾರ್ಕ್ ಸೇರಿ, ಲೆಸ್ಪಿನಾಸ್ ಹೋಟೆಲಿನಲ್ಲಿ ಗ್ರೇ ಕುಂಜ್ ಅವರ ಕೈಕೆಳಗೆ ಪಳಗಿದರು. 1998ರ ಕೊನೆಗೆ ಡ್ಯಾನಿ ಮೇಯರ್ ಜೊತೆ ಟಬ್ಲಾ ತೆರೆದರು. ಗೋವಾ ಮಸಾಲೆ ಬೆರೆಸಿದ ಏಡಿಯ ಕೇಕು ಅಲ್ಲಿನ ಮೆಚ್ಚಿನ ತಿನಿಸು. ನ್ಯೂಯಾರ್ಕ್ ಟೈಮ್ಸ್ ಮೂರು ನಕ್ಷತ್ರ ಕೊಟ್ಟಿತು. ಹನ್ನೆರಡು ವರ್ಷ ನಡೆದ ಟಬ್ಲಾ 2010ರ ಕೊನೆಗೆ ಬಾಗಿಲು ಮುಚ್ಚಿತು. ಮರುವರ್ಷವೇ ‘ಟಾಪ್ ಶೆಫ್ ಮಾಸ್ಟರ್ಸ್’ ಗೆದ್ದರು. ಅಂತಿಮ ಸುತ್ತಿನಲ್ಲಿ ಅವರು ಮಾಡಿದ್ದು ರವೆಯ ಉಪ್ಪಿಟ್ಟು. ಅದಕ್ಕೆ ಕಾಡು ಅಣಬೆ, ತೆಂಗಿನ ಹಾಲು, ಕೋಕಂ ಸೇರಿಸಿ, ಅಮೆರಿಕನ್ನರಿಗೆ ತಿಳಿಯಲೆಂದು ‘ಪೊಲೆಂಟಾ’ ಎಂಬ ಬಾಲವನ್ನೂ ಹಚ್ಚಿದ್ದರು. ಬಹುಮಾನದ ಒಂದು ಲಕ್ಷ ಡಾಲರ್ ಕ್ಯಾನ್ಸರ್ ಸಂಶೋಧನೆಗೆ ಹೋಯಿತು. 2015ರಲ್ಲಿ ಲೋವರ್ ಪರೇಲಿನಲ್ಲಿ ಬಾಂಬೆ ಕ್ಯಾಂಟೀನ್ ಶುರುವಾದಾಗ ಬೆನ್ನಿಗೆ ನಿಂತವರಲ್ಲಿ ಅವರೂ ಒಬ್ಬರು.

ಕೋಕಂ, ಅಂದರೆ ಕರಾವಳಿಯ ಪ್ರತಿ ಮನೆಯ ಅಟ್ಟದಲ್ಲಿರುವ ಪುನರ್ಪುಳಿ. ಉಪ್ಪಿಟ್ಟಿಗೆ ಅದನ್ನು ಹಾಕಿದವರನ್ನು ಕಾರ್ಕಳದ ಯಾವ ಅಜ್ಜಿಯೂ ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೂ ಅದು ಕಲೆಯಾಯಿತು, ಆಗಲಿ. ಹಾಗಿದ್ದ ಮೇಲೆ ಕಾವಲಿಯ ಮುಂದೆ ನಿಂತ ಕುಂದಾಪುರದ ಹುಡುಗ ದೋಸೆಗೆ ಶೆಜ್ವಾನ್ ಚಟ್ನಿ ಸವರಿದರೆ ಅದು ಅಪಚಾರ ಹೇಗಾಯಿತು?

ಗೋಳಿನ ಲೇಖಕರು ಒಮ್ಮೆ ಸಂಜೆ ಏಳರ ಹೊತ್ತಿಗೆ ಕಲ್ಯಾಣ್ ಸ್ಟೇಷನ್ ಹೊರಗಿನ ಯಾವುದಾದರೂ ಹೋಟೆಲಿನ ಕಾವಲಿ ನೋಡಬೇಕಿತ್ತು. ಮುಂಬಯಿಯ ‘ಮೈಸೂರು ಮಸಾಲೆ’ಗೂ ಮೈಸೂರಿಗೂ ಹೆಸರಿನಷ್ಟೇ ನಂಟು. ಇಲ್ಲಿ ಪಲ್ಯ ಬೇರೆ ಪಾತ್ರೆಯಲ್ಲಿ ಬೇಯುವುದಿಲ್ಲ. ದೋಸೆ ಕಾವಲಿಯ ಮೇಲಿರುವಾಗಲೇ ಅದರ ಮೇಲೆ ಬೆಣ್ಣೆ, ಕೆಂಪು ಚಟ್ನಿ, ಆಲೂಗಡ್ಡೆ, ಟೊಮೆಟೊ, ದೊಣ್ಣೆಮೆಣಸು, ಬೀಟ್‌ರೂಟು ಬೀಳುತ್ತವೆ. ಪಾವ್‌ಭಾಜಿಯವನ ಕೈಯಲ್ಲಿರುವಂಥದೇ ಮ್ಯಾಶರಿನಿಂದ ಅವನ್ನು ದೋಸೆ ಹರಿಯದಂತೆ ಅರೆಯಬೇಕು. ಉರಿ ಹೆಚ್ಚಾದರೆ ಬೆಣ್ಣೆ ಸೀಯುತ್ತದೆ; ಕಡಿಮೆಯಾದರೆ ತರಕಾರಿಯ ನೀರಿಗೆ ದೋಸೆ ಮೆತ್ತಗಾಗುತ್ತದೆ. ಶೆಜ್ವಾನ್ ಇನ್ನೂ ಪೇಚಿನದು. ಅದರಲ್ಲಿ ಬೆಳ್ಳುಳ್ಳಿಯಿದೆ, ಸಕ್ಕರೆಯಿದೆ. ತಳ ಗರಿಯಾಗುವ ಮೊದಲೇ ಸವರಿದರೆ ಅದು ಕರಕಲು. ಹೊರಗೆ ಇಪ್ಪತ್ತು ಜನ ಪಾರ್ಸೆಲಿಗೆ ಕಾಯುತ್ತಿರುವಾಗ ಇದನ್ನು ಅಂದಾಜಿನಲ್ಲೇ ಮಾಡುವವನಿಗೆ ಬಿಳಿ ಟೋಪಿ ಇಲ್ಲ, ಅಷ್ಟೆ.

ಜೈನ ಪಾವ್‌ಭಾಜಿಯನ್ನೇ ತೆಗೆದುಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ರುಚಿ ಹುಟ್ಟಿಸುವ ಅಭ್ಯಾಸ ಉಡುಪಿಯ ಮಠದ ಅಡುಗೆಯಿಂದಲೇ ಬಂದ ಬಂಡವಾಳ. ಗುಜರಾತಿ ಜೈನ ಗಿರಾಕಿ ಆಲೂಗಡ್ಡೆಯೂ ಬೇಡವೆಂದಾಗ ಆ ಜಾಗಕ್ಕೆ ಬಾಳೆಕಾಯಿ ಬಂತು. ಅದನ್ನು ಮೊದಲು ಬೇಯಿಸಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಮಂಚೂರಿಯನ್‌ಗಾದರೆ ಹೆಸರಿದೆ: 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ನೆಲ್ಸನ್ ವಾಂಗ್. ಶೆಜ್ವಾನ್ ಚಟ್ನಿಯ ಬಾಟಲಿಗಂತೂ ಬೆಲೆಯೂ ನಿಗದಿಯಾಗಿದೆ. ಚಿಂಗ್ಸ್ ಬ್ರ್ಯಾಂಡಿನ ಕ್ಯಾಪಿಟಲ್ ಫುಡ್ಸ್ ಕಂಪನಿಯನ್ನು ಟಾಟಾದವರು 2024ರಲ್ಲಿ 5,100 ಕೋಟಿ ರೂಪಾಯಿ ಲೆಕ್ಕದಲ್ಲಿ ಕೊಂಡರು. ಆ ರುಚಿಯನ್ನು ಸಂಜೆ ಸಂಜೆ ದೋಸೆಗೆ ಸವರಿ ಊರಿಗೆಲ್ಲ ಹಿಡಿಸಿದವರ ಪಾಲಿಗೆ ಬಂದದ್ದು ಸಹೋದರ ಪತ್ರಿಕೆಯ ಬೈಗುಳ.

ಶುದ್ಧಿಯ ವಕೀಲರಿಗೆ ಥಾಣೆಯ ಸಾಕ್ಷಿ ಸಾಕು. ಮರಾಠಿಗರು ತಮ್ಮ ಖಾರದ ಹೆಮ್ಮೆಯೆಂದು ತೋರಿಸುವ ಮಾಮಲೇದಾರ್ ಮಿಸಳ್ ಯಾರದು? 1946ರಲ್ಲಿ ತಹಶೀಲ್ದಾರ್ ಕಚೇರಿಯ ಆವರಣದಲ್ಲಿ ಕ್ಯಾಂಟೀನು ತೆರೆದವರು ನರಸಿಂಹ ಮುರ್ಡೇಶ್ವರ. ಊರು ಯಾವುದೆಂದು ಕೇಳುವ ಅಗತ್ಯವನ್ನು ಅಡ್ಡಹೆಸರು ಉಳಿಸಿಲ್ಲ. ಅವರ ಮಗ ಲಕ್ಷ್ಮಣ ಮುರ್ಡೇಶ್ವರ ದಶಕಗಳ ಕಾಲ ಅದನ್ನು ನಡೆಸಿ, ಕೆಂಪು ತರ್ರಿ ತೇಲುವ ಆ ಮಿಸಳನ್ನು ಊರಿನ ಗುರುತಾಗಿಸಿದರು. ಕಚೇರಿಗೆ ಖಾತೆ-ಪಹಣಿಗೆಂದು ಬಂದವರು ಮೂಗಿನ ನೀರು ಒರೆಸಿಕೊಳ್ಳುತ್ತ ಇನ್ನೊಂದು ಪಾವ್ ಕೇಳಿದರು. 2020ರ ಡಿಸೆಂಬರಿನಲ್ಲಿ, 84ರ ವಯಸ್ಸಿನಲ್ಲಿ ಲಕ್ಷ್ಮಣಶೇಠ್ ತೀರಿಕೊಂಡಾಗ ಮರಾಠಿ ಪತ್ರಿಕೆಗಳು ಮನೆಯ ಹಿರಿಯರು ಹೋದಂತೆ ಬರೆದವು. ಕರಾವಳಿಯ ಹೆಸರಿನ ಕುಟುಂಬವೊಂದು ಮರಾಠಿ ಖಾರವನ್ನು ಕಲಿತು ಮರಾಠಿಗರಿಗೇ ಕಲಿಸಿದ್ದು ‘ಫ್ಯೂಷನ್’ ಅಲ್ಲವಾದರೆ ಆ ಮಾತಿಗೆ ಅರ್ಥವೇ ಇಲ್ಲ.

ಅದೂ ಎಂಥ ಊರಲ್ಲಿ! 1966ರಲ್ಲಿ ಹುಟ್ಟಿದ ಶಿವಸೇನೆ ಮೊದಲು ಗೆದ್ದದ್ದು ಮರುವರ್ಷ, ಥಾಣೆಯ ಪುರಸಭೆಯನ್ನು. ಲುಂಗಿಯವರನ್ನು ಓಡಿಸಿ ಎಂಬ ಘೋಷಣೆ ಮೊಳಗಿ, ಉಡುಪಿ ಹೋಟೆಲುಗಳ ಗಾಜು ಪುಡಿಯಾದ ಕಾಲ. ಇಡ್ಲಿ-ದೋಸೆಗೆ ಎದುರಾಳಿಯಾಗಿ ವಡಾಪಾವ್ ಗಾಡಿಗಳಿಗೆ ಬೆಂಬಲ ಸಿಕ್ಕಿತು. 1995ರಲ್ಲಿ ಸರಕಾರವೇ ಒಂದು ರೂಪಾಯಿಯ ಝುಣಕಾ-ಭಾಕರಿ ಕೇಂದ್ರ ತೆರೆಯಿತು. ಕೆಲವೇ ವರ್ಷಗಳಲ್ಲಿ ಆ ಗೂಡುಗಳಲ್ಲಿ ಬೇರೆ ಬೇರೆ ತಿಂಡಿಗಳೆಲ್ಲ ಬೇಯತೊಡಗಿದವು. ಹೋಟೆಲಿನವರು ಈ ಎಲ್ಲಕ್ಕೂ ಕೊಟ್ಟ ಉತ್ತರ ಮೆನು ಕಾರ್ಡಿನಲ್ಲಿದೆ. ವಡಾಪಾವನ್ನೂ ಮಿಸಳನ್ನೂ ಇಡ್ಲಿಯ ಕೆಳಗಿನ ಸಾಲಿನಲ್ಲೇ ಬರೆದರು. ಶುದ್ಧಿಯ ಹಟ ಹಿಡಿದಿದ್ದರೆ ವಿರಾರಿಗಾಗಲಿ ಪನ್ವೇಲಿಗಾಗಲಿ ಒಂದು ಉಡುಪಿ ಹೋಟೆಲೂ ಬರುತ್ತಿರಲಿಲ್ಲ. ಹೋಟೆಲು ಬಾರದಿದ್ದರೆ ಸಂಘವೂ ಬರುತ್ತಿರಲಿಲ್ಲ, ಯಕ್ಷಗಾನದ ಮೇಳವೂ ಬರುತ್ತಿರಲಿಲ್ಲ, ಸಹೋದರ ಪತ್ರಿಕೆಗೆ ಚಂದಾದಾರರಂತೂ ಖಂಡಿತ ಇರುತ್ತಿರಲಿಲ್ಲ.

ಇನ್ನು ಮುಂಬಯಿಯ ಕನ್ನಡ ಪತ್ರಿಕಾವೃತ್ತಿಯ ಮಾತು. ಈ ಪತ್ರಿಕೆಯೂ ಅದರಿಂದ ಹೊರತಲ್ಲ. ಯಾವ ಸಂಚಿಕೆ ತೆರೆದರೂ ಹೋಟೆಲ್ ಮಾಲಕರು ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ನಿಂತಿರುತ್ತಾರೆ. ಊರಿನ ಬ್ರಹ್ಮಕಲಶಕ್ಕೆ ಕೊಟ್ಟ ದೇಣಿಗೆ, ಮಗಳ ಮದುವೆ, ಷಷ್ಟ್ಯಬ್ದಿ, ಎಲ್ಲವೂ ಬಣ್ಣದ ಪುಟದಲ್ಲಿ. ಅದೇ ಮಾಲಕರ ಭಟ್ಟಿಯ ಮುಂದೆ ಮೂವತ್ತು ವರ್ಷ ಬೆವರಿದ ಭಟ್ಟರ ಹೆಸರು ಶ್ರದ್ಧಾಂಜಲಿಯ ಅಂಕಣಕ್ಕೂ ಬರುವುದಿಲ್ಲ. ಕತೆಗಾರರು ಈ ವಿಷಯದಲ್ಲಿ ಎಷ್ಟೋ ಮೇಲು. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಲ್ಲಿ ಹೋಟೆಲು ಹುಡುಗರಿಗೆ ಮುಖವಾದರೂ ಇದೆ. ಪತ್ರಿಕೆಗಳಿಗೆ ಕಾಣುವುದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಮಾತ್ರ.

ಹೀಗಾಗಿಯೇ ಬರೆಯಬೇಕಾದ್ದನ್ನು ಬೇರೆಯವರು ಬರೆದರು. ಉತ್ತರ ಕನ್ನಡದ ಕರಾವಳಿಯಿಂದ ಬಂದ ತಂದೆಯ ಕಷ್ಟವನ್ನೂ ತನ್ನ ಏರಿಳಿತವನ್ನೂ ವಿಠ್ಠಲ ಕಾಮತ್ ಹೇಳಿಕೊಂಡದ್ದು ‘ಇಡ್ಲಿ, ಆರ್ಕಿಡ್ ಆಣಿ ಮೀ’ ಎಂದು ಮರಾಠಿಯಲ್ಲಿ, ಅದನ್ನು ಮುಗಿಬಿದ್ದು ಓದಿದವರೂ ಮರಾಠಿಗರೇ. ಉಡುಪಿ ಹೋಟೆಲುಗಳ ಉದ್ಯಮದ ಬಗ್ಗೆ ಒಳ್ಳೆಯ ಅಧ್ಯಯನವೊಂದನ್ನು ಇಂಗ್ಲಿಷಿನಲ್ಲಿ ಬರೆದವರು ಸ್ಟಿಗ್ ಟಾಫ್ಟ್ ಮ್ಯಾಡ್ಸನ್ ಮತ್ತು ಜೆಫ್ರಿ ಗಾರ್ಡೆಲ್ಲಾ; ಅದು ಸೇರಿದ್ದು 2012ರ ‘ಕರಿಡ್ ಕಲ್ಚರ್ಸ್’ ಸಂಕಲನ. 1942ರಲ್ಲಿ ಮಾಟುಂಗದಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರ ಬಗ್ಗೆ ಇಂಗ್ಲಿಷ್ ಪತ್ರಿಕೆಗಳು ಬರೆದಷ್ಟನ್ನು ಕನ್ನಡದಲ್ಲಿ ಹುಡುಕಿದರೆ ಸಿಗುವುದು ಸ್ಮರಣಸಂಚಿಕೆಯ ಅಭಿನಂದನೆ.

2020ರ ಮಾರ್ಚ್ 24ರಂದು ಕಾರ್ಡೋಜ್ ನ್ಯೂಜೆರ್ಸಿಯಲ್ಲಿ ಕೊರೊನಾಕ್ಕೆ ಬಲಿಯಾದರು. ಬಾಂಬೆ ಸ್ವೀಟ್ ಶಾಪಿನ ಆರಂಭಕ್ಕೆಂದು ಮುಂಬಯಿಗೆ ಬಂದು ಹೋಗಿ ಹೆಚ್ಚು ದಿನಗಳಾಗಿರಲಿಲ್ಲ. ಅದೇ 24ರ ರಾತ್ರಿ ಎಂಟಕ್ಕೆ ದೇಶಕ್ಕೆ ಲಾಕ್‌ಡೌನ್ ಘೋಷಣೆಯಾಯಿತು. ಥಾಣೆಯಿಂದ ಪನ್ವೇಲಿನವರೆಗಿನ ಕಾವಲಿಗಳೆಲ್ಲ ತಣ್ಣಗಾದವು. ಕಾರ್ಡೋಜ್ ಅವರಿಗೆ ಜಗತ್ತಿನ ಪತ್ರಿಕೆಗಳಲ್ಲಿ ಶ್ರದ್ಧಾಂಜಲಿ. ಮೇ ತಿಂಗಳಲ್ಲಿ ಪಾಸು ಹಿಡಿದು ಉಡುಪಿ, ಕುಂದಾಪುರ ಮುಟ್ಟಿದ ಹೋಟೆಲು ಕೆಲಸಗಾರರಿಗೆ ಶಾಲೆಯ ಕೊಠಡಿಯಲ್ಲಿ ಕ್ವಾರಂಟೈನು, ಜೊತೆಗೆ ‘ಮುಂಬಯಿಯವರು ರೋಗ ತಂದರು’ ಎಂಬ ಬಿರುದು. ದೇಣಿಗೆಯ ರಶೀದಿ ಪುಸ್ತಕ ಹಿಡಿದು ಮುಂಬಯಿಗೆ ಬರುತ್ತಿದ್ದ ಊರುಗಳವು. ಆ ಮಾತಿನ ಬಗ್ಗೆ ಸಹೋದರ ಪತ್ರಿಕೆ ಆಗ ಒಂದು ಸಂಪಾದಕೀಯ ಬರೆದಿದ್ದರೆ ಈಗಿನ ಶುದ್ಧಿಯ ಪಾಠವನ್ನು ಸಹಿಸಿಕೊಳ್ಳಬಹುದಿತ್ತು.

ಮುಂದಿನ ಸಂಚಿಕೆ ಹೋಟೆಲ್ ಅಡುಗೆಯವರ ಕುರಿತು. ಲೇಖನಗಳು ತಿಂಗಳ ಕೊನೆಯೊಳಗೆ ತಲುಪಲಿ. ಹೋಟೆಲಿನ ಊರು, ಕೆಲಸ ಮಾಡಿದ ವರ್ಷಗಳು, ಕೈಯಾರೆ ಹುಟ್ಟಿಸಿದ ತಿನಿಸು ಇಷ್ಟಿದ್ದರೆ ಸಾಕು, ಭಾಷೆಯನ್ನು ಪತ್ರಿಕೆ ತಿದ್ದಿಕೊಳ್ಳುತ್ತದೆ. ಮಾಲಕರು ಶಾಲು ಹೊದ್ದ ಫೋಟೊ ಕಳಿಸುವ ಅಗತ್ಯವಿಲ್ಲ. ಜಾಹೀರಾತಿನ ದರಪಟ್ಟಿ ಕೊನೆಯ ಪುಟದಲ್ಲಿದೆ.